ಆರನೇ ಖಾನೆಯ ತಾಯಿ ಚಿಟ್ಟೆ

ರಾಮನಗರ
೧೬ ನವೆಂಬರ್ ೨೦೨೫, ಭಾನುವಾರ ಮಧ್ಯಾಹ್ನ

ಪ್ರೀತಿಯ ಬೀರೇಶ್,

ಹೇಗಿದ್ದೀಯ? ಬಲಗೈ ಮಣಿಕಟ್ಟಿನ ನೋವು ಇಳಿಯಿತಾ, ಇಲ್ಲ ಬಟ್ಟೆ ಸುತ್ತಿಕೊಂಡು ಹಾಗೇ ಕೆಲಸಕ್ಕೆ ಹೋಗುತ್ತಿದ್ದೀಯಾ? ಕುರಿಗಳು ಮರಿ ಹಾಕುವ ಕಾಲ ಮುಗಿಯಿತು, ಇನ್ನು ಸ್ವಲ್ಪ ಉಸಿರಾಡಬಹುದು ಎಂದಿದ್ದೆ. ಹಾಗಾದರೆ ಬೆಳಗ್ಗೆ ಬರೀ ಬ್ರೆಡ್ಡು ತಿಂದು ಓಡುವುದನ್ನು ಬಿಡು. ನಿಮ್ಮವ್ವ ಚೆನ್ನಾಗಿದ್ದಾರೆ. ಹೋದ ಶನಿವಾರ ಕಬ್ಬಾಳಿಗೆ ಹೋಗಿದ್ದಾಗ ನೀನು ಕಳಿಸಿದ ವೀಡಿಯೋವನ್ನು ನಾಲ್ಕು ಸಲ ಹಾಕಿಸಿಕೊಂಡು ನೋಡಿದರು. ಎರಡು ಸಾವಿರ ಕುರಿಗೆ ಒಬ್ಬನೇ ಕುರಿಗಾಹಿ, ಅವನೂ ಗಾಡಿ ಹತ್ತಿ ಕೂತಿದ್ದಾನೆ ಎನ್ನುವುದು ಅವರಿಗೆ ಇನ್ನೂ ಅರಗಿಲ್ಲ. ನಾನು ನಿನ್ನನ್ನು ಹೋಗೋ ಬಾರೋ ಎನ್ನುವುದೂ ಅರಗಿಲ್ಲ. ಕನಕಪುರದ ಬಸ್ಸಿನಲ್ಲಿ ಸೀಟಿಗೆ ಜಗಳವಾಡಿ ಪರಿಚಯವಾದವರು ನಾವು, ಈಗ ಬಹುವಚನ ಎಲ್ಲಿಂದ ತರಲಿ ಎಂದರೆ ನಗುತ್ತಾರೆ, ಮತ್ತೆ ಬಯ್ಯುತ್ತಾರೆ.

ಕಾಗದ ನೋಡಿ ಗಾಬರಿಯಾಗಬೇಡ. ಫೋನಿನಲ್ಲಿ ಹೇಳಲು ಮೂರು ತಿಂಗಳಿಂದ ನೋಡುತ್ತಿದ್ದೇನೆ. ನೀನು ಮುಖ ನೋಡಿದ ಕೂಡಲೇ ಯಾಕೆ ಸಪ್ಪಗಿದ್ದೀಯ ಎನ್ನುತ್ತೀಯ, ನಾನು ನಿದ್ದೆ ಸಾಲದು ಎನ್ನುತ್ತೇನೆ, ಅಲ್ಲಿಗೆ ಮುಗಿಯುತ್ತದೆ. ನನ್ನನ್ನು ನಿನ್ನ ಹೆಂಡತಿಯೆಂದು ನ್ಯೂಜಿಲೆಂಡಿಗೆ ಕರೆಸಿಕೊಳ್ಳಲು ಜನವರಿಯಲ್ಲಿ ಅರ್ಜಿ ಹಾಕಿದೆವಲ್ಲ, ಆಗ ಆ ಏಜೆಂಟ್ ಗಂಡ ಹೆಂಡತಿ ಬರೆದುಕೊಂಡ ಪತ್ರಗಳಿದ್ದರೆ ಫೈಲು ಗಟ್ಟಿಯಾಗುತ್ತದೆ, ಇಲ್ಲದಿದ್ದರೆ ಹಳೇ ತಾರೀಖು ಹಾಕಿ ನಾಲ್ಕು ಬರೆಯಿರಿ ಎಂದಿದ್ದ. ನಾನು ಅವನಿಗೆ ಬಯ್ದು ಎದ್ದು ಬಂದೆ. ಈಗ ನಿಜವಾಗಿಯೂ ಬರೆಯುತ್ತಿದ್ದೇನೆ. ಇದನ್ನು ಮಾತ್ರ ದಯವಿಟ್ಟು ಆ ಫೈಲಿಗೆ ಸೇರಿಸಬೇಡ.

ವಿಷಯ ಇಷ್ಟು. ಖಲಂದರ್ ಸಾಬರಿಗೆ ಎರಡೂ ಕಣ್ಣಿಗೆ ಪೊರೆ ಬಂದಿದೆ. ಮೂವತ್ತೊಂದು ವರ್ಷ ನಮ್ಮ ರೇಷ್ಮೆ ಬಿತ್ತನೆ ಮೊಟ್ಟೆ ಕೇಂದ್ರದಲ್ಲಿ ಚಿಟ್ಟೆ ಪರೀಕ್ಷೆ ಮಾಡಿದವರು, ನನಗೆ ಕೆಲಸ ಕಲಿಸಿದವರು, ಡಿಸೆಂಬರ್ ಒಂದಕ್ಕೆ ಬಿಡುತ್ತಾರೆ. ಅವರ ಕುರ್ಚಿಗೆ ನನ್ನನ್ನು ಕೂರಿಸಲು ಮಾಲೀಕರು ಒಪ್ಪಿದ್ದಾರೆ. ಪರೀಕ್ಷಾ ವಿಭಾಗ ಪೂರ್ತಿ ನನ್ನ ಕೈಗೆ, ಒಂದೊಂದು ಲಾಟಿನ ಮೇಲೂ ನನ್ನ ಸಹಿ, ಆರು ಜನ ಹುಡುಗಿಯರಿಗೆ ಕಲಿಸುವುದು ನನ್ನ ಜವಾಬ್ದಾರಿ. ಆದರೆ ಆರು ತಿಂಗಳಿಗೆ ವಿಮಾನ ಹತ್ತುವವಳಿಗೆ ಕೊಡುವುದಿಲ್ಲ, ಅರ್ಜಿ ಹಿಂದಕ್ಕೆ ತೆಗೆದುಕೊಂಡರೆ ಮಾತ್ರ ಎಂದಿದ್ದಾರೆ. ಅದು ತಪ್ಪೂ ಅಲ್ಲ. ಇದನ್ನು ಫೋನಿನಲ್ಲಿ ಅರ್ಧ ಹೇಳುವಷ್ಟರಲ್ಲಿ ನೀನು, "ಅದೇನ್ ಹುಳ ನೋಡೋ ಕೆಲ್ಸ ಸುಚಿ, ಇಲ್ಲಿಗ್ ಬಂದ್ಮೇಲೆ ಬೇರೆ ಯಾವ್ದಾರ ನೋಡ್ಕಂಡ್ರಾಯ್ತು" ಎಂದೆ. ನೀನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅವತ್ತು ಮಾತ್ರ ನನಗೆ ಊಟ ಸೇರಲಿಲ್ಲ. ನಾನು ಹುಳ ನೋಡುವುದಿಲ್ಲ, ಏನು ನೋಡುತ್ತೇನೆ ಎಂದು ನೀನು ಮದುವೆಯಾದ ಐದು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ಈಗ ಹೇಳುತ್ತೇನೆ, ಯಾಕೆಂದರೆ ಅದು ಗೊತ್ತಿಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ಗೂಡಿನಿಂದ ಹೊರಬಂದ ಹೆಣ್ಣು ಚಿಟ್ಟೆಯನ್ನು ಗಂಡಿನ ಜೊತೆ ಬಿಟ್ಟು, ಬಿಡಿಸಿ, ಒಂದು ಹಾಳೆಯ ಮೇಲೆ ಕಪ್ಪು ಬಟ್ಟಲಿನ ಕೆಳಗೆ ಮುಚ್ಚಿಡುತ್ತೇವೆ. ಕತ್ತಲಾಗಿದ್ದರೆ ಅದು ಚೆನ್ನಾಗಿ ಮೊಟ್ಟೆ ಇಡುತ್ತದೆ. ಒಂದು ಹಾಳೆಗೆ ಇಪ್ಪತ್ತು ಖಾನೆ, ಇಪ್ಪತ್ತು ತಾಯಿ. ಮಾರನೇ ದಿನ ಆ ತಾಯಿಗಳನ್ನು ಅದೇ ಕ್ರಮದಲ್ಲಿ ಡಬ್ಬಿಗೆ ಹಾಕಿ ನನ್ನ ಮೇಜಿಗೆ ತರುತ್ತಾರೆ. ಒಂದೊಂದನ್ನೂ ಅರೆದು, ಹನಿಯನ್ನು ಗಾಜಿಗೆ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡುತ್ತೇನೆ. ಅಕ್ಕಿಕಾಳಿನ ಆಕಾರದ ಹೊಳೆಯುವ ಚುಕ್ಕೆ ಕಂಡರೆ ಗಂಟು ರೋಗ. ಅದು ತಾಯಿಯಿಂದ ಮೊಟ್ಟೆಗೆ ಇಳಿಯುತ್ತದೆ, ಮೊಟ್ಟೆಯಿಂದ ಹುಳುವಿಗೆ, ಒಂದು ಹುಳುವಿನಿಂದ ಮನೆಯ ಹುಳುವಿಗೆಲ್ಲ. ಹಾಗಾಗಿ ಆ ಖಾನೆಯ ಮೊಟ್ಟೆಯನ್ನು ಹಾಳೆಯಿಂದ ಕತ್ತರಿಸಿ ಸುಡುತ್ತೇವೆ. ರೈತ ಬರಿಗಣ್ಣಿನಿಂದ ನೋಡಿ ಹೇಳಲಾರ. ಇದನ್ನು ನೋಡುವವರು ನಾವು ಮಾತ್ರ.

ಜುಲೈ ಹತ್ತನೇ ತಾರೀಖು ವಲಸೆ ಕಚೇರಿಯಿಂದ ಹೆಚ್ಚಿನ ಮಾಹಿತಿ ಕೇಳಿ ಮೇಲ್ ಬಂದಿತ್ತಲ್ಲ. ಜಿಲ್ಲೆಯ ಹೆಸರು ಬದಲಾಗಿ, ನನ್ನ ಒಂದು ಕಾಗದದಲ್ಲಿ ರಾಮನಗರ, ಇನ್ನೊಂದರಲ್ಲಿ ಬೆಂಗಳೂರು ದಕ್ಷಿಣ ಆಗಿತ್ತು. ಜೊತೆಗೆ, ನೀವು ದೂರವಿದ್ದಾಗ ಸಂಬಂಧವನ್ನು ಹೇಗೆ ಉಳಿಸಿಕೊಂಡಿದ್ದೀರಿ ಎನ್ನುವ ಪ್ರಶ್ನೆ. ಅದನ್ನು ಮೊಬೈಲಿನಲ್ಲಿ ಓದಿಕೊಂಡು ಉತ್ತರ ಹುಡುಕುತ್ತಿದ್ದೆ, ಕೈ ತನ್ನ ಪಾಡಿಗೆ ಕೆಲಸ ಮಾಡುತ್ತಿತ್ತು. ಆರನೇ ಖಾನೆಯ ತಾಯಿಯಲ್ಲಿ ಚುಕ್ಕೆ ಕಂಡಿತು. ಕಂಡದ್ದು ಸರಿ. ಆದರೆ ಹಾಳೆ ತಲೆಕೆಳಗಾಗಿ ಇಟ್ಟಿತ್ತು, ನಾನು ಮೂಲೆಯ ಗುರುತು ನೋಡಲಿಲ್ಲ. ಎಣಿಸಿ ಆರನೆಯದನ್ನು ಕತ್ತರಿಸಿದೆ. ಅದು ಹದಿನೈದನೆಯದು. ಆರೋಗ್ಯದ ಮೊಟ್ಟೆ ಒಲೆಗೆ ಹೋಯಿತು, ರೋಗದ್ದು ಹಾಳೆಯಲ್ಲೇ ಉಳಿಯಿತು. ನನಗೆ ಗೊತ್ತಾಗಿದ್ದು ಮಾರನೇ ಸಂಜೆ, ಕಸದ ಬುಟ್ಟಿಯಲ್ಲಿ ಬಿದ್ದಿದ್ದ ಕತ್ತರಿಸಿದ ಅಂಚಿನ ಹಿಂಬದಿಯಲ್ಲಿ ಹದಿನೈದು ಎಂದಿದ್ದುದನ್ನು ನೋಡಿ. ಅಷ್ಟರಲ್ಲಿ ಹಾಳೆಯನ್ನು ಉಯ್ಯಂಬಳ್ಳಿಯ ಕೆಂಪಯ್ಯ ಎನ್ನುವವರು ಒಯ್ದಿದ್ದರು. ಅವರ ನಂಬರ್ ರಿಜಿಸ್ಟರಿನಲ್ಲಿತ್ತು. ಒಂದು ಫೋನ್ ಮಾಡಿ ಆ ಹಾಳೆ ವಾಪಸ್ ತನ್ನಿ ಎಂದಿದ್ದರೆ ಮುಗಿಯುತ್ತಿತ್ತು. ನಾನು ಮಾಡಲಿಲ್ಲ ಬೀರೇಶ್. ಏನೂ ಆಗದಿರಬಹುದು ಎಂದುಕೊಂಡು ಮನೆಗೆ ಬಂದೆ, ನಿನ್ನ ಜೊತೆ ವೀಡಿಯೋದಲ್ಲಿ ಮರಿಗಳ ಬಗ್ಗೆ ಮಾತಾಡಿದೆ.

ನಾಲ್ಕನೇ ಜ್ವರಕ್ಕೆ, ಅಂದರೆ ಕೊನೆಯ ಸಲ ಪೊರೆ ಬಿಡಲು, ಮಲಗಿದ ಅವರ ಹುಳುಗಳು ಏಳಲೇ ಇಲ್ಲ. ಆಗಸ್ಟ್ ಕೊನೆಗೆ ಬೆಳೆ ನಷ್ಟದ ವರದಿ ಬರೆಯಲು ನನ್ನನ್ನೇ ಕಳಿಸಿದರು. ಹೋಗುವಷ್ಟರಲ್ಲಿ ಹುಳುಗಳನ್ನು ಗುಂಡಿ ತೋಡಿ ಮುಚ್ಚಿದ್ದರು, ತಟ್ಟೆಗಳನ್ನು ತೊಳೆದು ಗೋಡೆಗೆ ಒರಗಿಸಿದ್ದರು. ಕೆಂಪಯ್ಯನವರು ಮಳೆ, ಸೊಪ್ಪು, ಗಾಳಿ ಎಲ್ಲದರ ಮೇಲೂ ತಪ್ಪು ಹೇಳಿದರು, ನಮ್ಮ ಮೇಲೆ ಮಾತ್ರ ಹೇಳಲಿಲ್ಲ. ಅವರ ಹೆಂಡತಿ ಶಿವಲಿಂಗಮ್ಮ ಒತ್ತಾಯ ಮಾಡಿ ಮುದ್ದೆ, ಉಪ್ಸಾರು ಬಡಿಸಿದರು. ತಟ್ಟೆ ಇಟ್ಟು ನನ್ನ ಪಕ್ಕ ಕೂತು, ಗಂಡನಿಗೆ ಕೇಳಿಸದ ಹಾಗೆ ಹೇಳಿದರು: "ಹೊರಗಾಗಿದ್ದಾಗ ಹುಳದ್ಮನೆ ಒಳೀಕ್ ಹೋಗ್ಬುಟ್ಟೆ ಕಣವ್ವ. ಸೊಪ್ಪು ಆಕೋರು ಯಾರೂ ಇರ್ನಿಲ್ಲ. ನನ್ನಿಂದ್ಲೇ ಆದದ್ದು." ಗಂಡನಿಗೂ ಅತ್ತೆಗೂ ಆಗಲೇ ಒಪ್ಪಿಕೊಂಡಿದ್ದರಂತೆ. ಇನ್ನು ಮೇಲೆ ಯಾವ ದಿನವೂ ಒಳಗೆ ಕಾಲಿಡಬೇಡ ಎಂದಿದ್ದಾರೆ. ಇಪ್ಪತ್ತು ವರ್ಷ ಆ ಮನೆಯ ಹುಳ ಸಾಕಿದ ಹೆಂಗಸು, ಈಗ ಸೊಪ್ಪಿನ ಹೊರೆಯನ್ನು ಸೋಂಕು ಒಳಗೆ ಬರದಿರಲೆಂದು ಬಾಗಿಲಲ್ಲಿ ಹಾಕಿದ ಸುಣ್ಣದ ಗೆರೆಯ ಆಚೆ ಇಳಿಸಿ ಅಲ್ಲೇ ಕೂರುತ್ತಾರೆ. ನಾನು ಮುದ್ದೆ ನುಂಗಿ, ಕೈ ತೊಳೆದು, ವರದಿಯಲ್ಲಿ ಹವಾಮಾನ ಎಂದು ಬರೆದು ಬಂದೆ.

ಆವತ್ತಿನಿಂದ ಶಿವಲಿಂಗಮ್ಮ ನನ್ನನ್ನು ಬಿಟ್ಟಿಲ್ಲ. ನಗಬೇಡ, ದೆವ್ವ ಗಿವ್ವ ಎನ್ನುತ್ತಿಲ್ಲ, ಅವರು ಉಯ್ಯಂಬಳ್ಳಿಯಲ್ಲಿ ಚೆನ್ನಾಗಿಯೇ ಬದುಕಿದ್ದಾರೆ. ಆದರೆ ನಾನು ಬೆಳಗ್ಗೆ ಪರೀಕ್ಷಾ ಕೋಣೆಗೆ ಹೋಗುವಾಗ ಹೊಸ್ತಿಲ ಆಚೆ ಯಾರೋ ಕಾಲು ಮಡಚಿ ಕೂತಿರುತ್ತಾರೆ. ತಿರುಗಿದರೆ ಯಾರೂ ಇಲ್ಲ, ಬ್ಲೀಚಿಂಗ್ ನೀರಿನ ತೊಟ್ಟಿ ಮಾತ್ರ. ಚನ್ನಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಅವತ್ತು ಅವರು ಉಟ್ಟಿದ್ದಂಥದೇ ಹಸಿರು ಸೀರೆಯ ಬೆನ್ನು ಕಂಡು ಎರಡು ಬಸ್ಸು ಬಿಟ್ಟೆ. ಅಕ್ಕಿ ತೊಳೆಯಲು ಕೂತರೆ ಪಾತ್ರೆ ತುಂಬ ಅವೇ ಚುಕ್ಕೆ, ಈಗ ಮನೆಯಲ್ಲಿ ಬರೀ ರಾಗಿ. ಒಮ್ಮೆ ನಿನ್ನ ವೀಡಿಯೋ ನಿಂತುಹೋಗಿ ಮುಖದ ಮೇಲೆ ಬಿಳಿ ಬಿಳಿ ಕಾಳು ಹರಡಿಕೊಂಡಿತು. ನೆಟ್‌ವರ್ಕ್ ಎಂದು ಗೊತ್ತು. ಫೋನು ಬಿಸಾಕಿದೆ, ಚಾರ್ಜ್ ಮುಗಿಯಿತು ಎಂದು ನಿನಗೆ ಸುಳ್ಳು ಹೇಳಿದೆ. ನನಗೆ ಹೆದರಿಕೆಯಾಗುತ್ತಿದೆ ಬೀರೇಶ್. ಒಂದೊಂದು ತಾಯಿ ಚಿಟ್ಟೆಯನ್ನೂ ಮೂರು ಸಲ ನೋಡುತ್ತೇನೆ, ಹಾಳೆಯ ಮೂಲೆಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸುತ್ತೇನೆ, ಆದರೂ ಮನೆಗೆ ಬಂದ ಮೇಲೆ ಅನುಮಾನ.

ದೀಪಾವಳಿ ಕಳೆದ ಮೇಲೆ ಖಲಂದರ್ ಸಾಬರಿಗೆ ಎಲ್ಲವನ್ನೂ ಹೇಳಿದೆ. ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಬಯ್ಯುತ್ತಾರೆ ಎಂದುಕೊಂಡಿದ್ದೆ. "ನಂದೂ ಒಂದೈತೆ ಬೇಟಿ, ಮಾಗಡಿ ಕಡೇದು. ಇಪ್ಪತ್ತೆಲ್ಡು ವರ್ಸ ಆಯ್ತು, ಯಾರ್ಗೂ ಹೇಳಿಲ್ಲ. ನಮಾಜ್‌ಗೆ ನಿಂತ್ರೆ ಆ ಊರಿನ್ ಹೆಸ್ರು ಬತ್ತೈತೆ" ಎಂದರು. ಆಮೇಲೆ, ನೀನು ಹೋಗಿ ಹೇಳು, ನನ್ನ ಹಾಗೆ ಇಟ್ಟುಕೊಳ್ಳಬೇಡ ಎಂದರು. ಮಾಲೀಕರಿಗೂ ಅವರೇ ತಿಳಿಸಿದರು. ಮಾಲೀಕರು ಒಂದು ವಾರ ನನ್ನ ಕಡೆ ನೋಡಲಿಲ್ಲ. ಕೊನೆಗೆ ಸಾಬರ ಮಾತಿಗೆ ಒಪ್ಪಿ, ಇನ್ನು ಹಾಳೆಯ ನಂಬರನ್ನು ಇಬ್ಬರು ಓದಬೇಕು ಎನ್ನುವ ನಿಯಮ ಮಾಡು, ಕುರ್ಚಿ ನಿನ್ನದೇ ಎಂದರು.

ಹೋದ ಭಾನುವಾರ ಉಯ್ಯಂಬಳ್ಳಿಗೆ ಹೋಗಿ ಹೇಳಿದೆ. ಜಗುಲಿಯಲ್ಲಿ ಕೂತು, ಮೊದಲಿನಿಂದ, ಹಾಳೆ ಹೇಗೆ ತಿರುಗಿತ್ತು ಎನ್ನುವುದನ್ನು ಒಂದು ಕ್ಯಾಲೆಂಡರ್ ಕಾಗದದ ಮೇಲೆ ತೋರಿಸಿ ಹೇಳಿದೆ. ಕೆಂಪಯ್ಯನವರು ನಂಬಿದರು. ಇನ್ನು ನಿಮ್ಮಲ್ಲಿ ಮೊಟ್ಟೆ ತರುವುದಿಲ್ಲ ಎಂದಷ್ಟೇ ಹೇಳಿ ತೋಟಕ್ಕೆ ಎದ್ದು ಹೋದರು. ಅದು ನ್ಯಾಯ. ನಂಬದೇ ಹೋದವರು ಶಿವಲಿಂಗಮ್ಮ. ನನ್ನ ಕೈ ಹಿಡಿದುಕೊಂಡು, "ನಾನ್ ನೊಂದ್ಕತೀನಿ ಅಂತ ಹಿಂಗೇಳ್ತಿದ್ದೀಯ. ನಿನ್ ಒಳ್ಳೇತನ ಕಣವ್ವ. ನಾನ್ ಒಳೀಕ್ ಹೋಗಿದ್ದು ನಂಗೇ ಗೊತ್ತಲ್ವ" ಎಂದರು. ಎಷ್ಟು ಹೇಳಿದರೂ ತಲೆ ಅಲ್ಲಾಡಿಸಿದರು. ಬೇಕಾದರೆ ಈಗಲೇ ಒಳಗೆ ಬನ್ನಿ, ನಾನೂ ಬರುತ್ತೇನೆ ಎಂದು ಎಬ್ಬಿಸಿದೆ. ಸುಣ್ಣದ ಗೆರೆಯ ತನಕ ಬಂದವರು ಅಲ್ಲಿ ನಿಂತುಬಿಟ್ಟರು. ನಾನು ಬಸ್ಸು ಹತ್ತಿದೆ.

ಈಗ ನೀನೇ ಹೇಳು, ಈ ಸ್ಥಿತಿಯಲ್ಲಿ ನಾನು ಪೆಟ್ಟಿಗೆ ಕಟ್ಟಿ ನಿನ್ನಲ್ಲಿಗೆ ಹೇಗೆ ಬರಲಿ? ಬಂದರೆ ಓಡಿಬಂದ ಹಾಗೆ. ಆ ಹೆಂಗಸು ಮತ್ತೆ ತನ್ನ ಹುಳದ ಮನೆಯೊಳಗೆ ಹೋಗುವ ತನಕ ನಾನು ಈ ಜಿಲ್ಲೆ ಬಿಡಬಾರದು ಎನ್ನಿಸುತ್ತದೆ. ತಿಂಗಳಿಗೊಮ್ಮೆ ಹೋಗುತ್ತೇನೆ, ಹೇಳುತ್ತೇನೆ, ಅವರು ನಂಬುವ ತನಕ. ಹಾಗಾಗಿ ಅರ್ಜಿಯನ್ನು ಹಿಂದಕ್ಕೆ ತೆಗೆದುಕೊಳ್ಳಲೇ ಎಂದು ಕೇಳಲು ಈ ಕಾಗದ. ನೀನು ಒಬ್ಬನೇ ಎರಡು ಚಳಿಗಾಲ ಕಳೆದಿದ್ದೀಯ, ನನಗಾಗಿ ಎರಡು ಕೋಣೆಯ ಮನೆ ಹಿಡಿದಿದ್ದೀಯ, ಅಡುಗೆಮನೆಗೆ ನಾನು ಕೇಳಿದ ಬಣ್ಣವನ್ನೇ ಹೊಡೆದಿದ್ದೀಯ. ಅದ್ಯಾವುದನ್ನೂ ಮರೆತಿಲ್ಲ. ಕೋಪ ಬಂದರೆ ಕೋಪ ಮಾಡಿಕೋ, ಆದರೆ ಮಾತು ಬಿಡಬೇಡ.

ನಿಮ್ಮವ್ವ ಹೇಳಿಕಳಿಸಿದ್ದಾರೆ: ತಲೆಗೆ ಎಣ್ಣೆ ಹಾಕಬೇಕಂತೆ, ಆ ದೇಶದ ನಾಯಿಗಳನ್ನು ನಂಬಬಾರದಂತೆ. ಮೈ ಬೆಚ್ಚಗಿಟ್ಟುಕೋ. ದೇವರು ನಿನ್ನನ್ನು ಕಾಯಲಿ.

ನಿನ್ನ,
ಸುಚಿತ್ರಾ

ಮರೆತ ಮಾತು: ಅಂಚೆಗೆ ಹಾಕಲು ಕವರ್ ಅಂಟಿಸಿದವಳು ಮತ್ತೆ ಹರಿದು ಬರೆಯುತ್ತಿದ್ದೇನೆ. ಮೇಲೆ ನಿನ್ನನ್ನು ಕೇಳುತ್ತಿರುವ ಹಾಗೆ ಬರೆದಿದ್ದೇನೆ, ಅದು ಸುಳ್ಳು. ಅರ್ಜಿ ಹಿಂದಕ್ಕೆ ತೆಗೆದುಕೊಳ್ಳುವ ಕೋರಿಕೆಯನ್ನು ಇವತ್ತು ಬೆಳಗ್ಗೆ ಒಂಬತ್ತಕ್ಕೆ ಕಳಿಸಿಯಾಯಿತು. ಅದನ್ನು ನಾನು ಬರೆದಿಟ್ಟದ್ದು ಮೇ ತಿಂಗಳಲ್ಲಿ, ಸಾಬರು ಮೊದಲ ಸಲ ತಮ್ಮ ಕುರ್ಚಿಯಲ್ಲಿ ನನ್ನನ್ನು ಕೂರಿಸಿದ ದಿನ. ಆಗ ಹಾಳೆ ತಿರುಗಿರಲಿಲ್ಲ, ಶಿವಲಿಂಗಮ್ಮ ಯಾರೆಂದು ನನಗೆ ಗೊತ್ತಿರಲಿಲ್ಲ. ಜುಲೈನಲ್ಲಿ ಕೆಂಪಯ್ಯನವರಿಗೆ ಫೋನ್ ಮಾಡದೆ ಸುಮ್ಮನಿದ್ದದ್ದೂ ಆ ಕುರ್ಚಿ ಕೈತಪ್ಪುತ್ತದೆ ಎಂದೇ. ಅವರ ಹುಳುಗಳೆಲ್ಲ ಚೆನ್ನಾಗಿ ಗೂಡು ಕಟ್ಟಿದ್ದರೂ ನಾನು ಬರುತ್ತಿರಲಿಲ್ಲ. ನನ್ನ ತಪ್ಪನ್ನು ಆ ಹೆಂಗಸು ಆಗಲೇ ತಲೆಯ ಮೇಲೆ ಹೊತ್ತಿದ್ದಾರೆ, ನನ್ನ ಆಸೆಯನ್ನೂ ಅವರ ತಲೆಗೇ ಕಟ್ಟಲು ಹೊರಟಿದ್ದೆ. ಅವರನ್ನು ಬಯ್ಯಬೇಡ, ನನ್ನನ್ನು ಬಯ್ಯು. ನನಗೆ ಈ ಕೆಲಸ ಬೇಕು ಬೀರೇಶ್. ನೀನೂ ಬೇಕು. ಎರಡರಲ್ಲಿ ಒಂದು ಎಂದಾಗ ನನ್ನ ಕೈ ಇದರ ಮೇಲೆ ಹೋಯಿತು.