ಉಳಿಸುವ ಮುನ್ನ ಪೋಲು ಮಾಡಿ

ವಿದ್ಯುತ್ ಉಳಿತಾಯದ ಮುಖ್ಯಾಧಿಕಾರಿಗಳೇ,

ನನ್ನ ಅಕ್ಕನ ವೆಲ್ಡಿಂಗ್ ಶೆಡ್ಡು ಈಗಾಗಲೇ ವಿದ್ಯುತ್ ಉಳಿಸುತ್ತಿದೆ. ಆ ಒಂದೇ ಕಾರಣಕ್ಕೆ ನಿಮ್ಮ ಕಚೇರಿ ಅದಕ್ಕೆ ವಿದ್ಯುತ್ ಉಳಿತಾಯದ ಪ್ರಮಾಣಪತ್ರ ನಿರಾಕರಿಸಿದೆ. ಇದನ್ನು ಬರೆದ ಮೇಲೆ ನಾನೇ ಮತ್ತೊಮ್ಮೆ ಓದಿಕೊಂಡೆ. ತಪ್ಪೇನೂ ಇಲ್ಲ.

ಅಕ್ಕ, ಭಾವ ಆಸ್ಪತ್ರೆಯ ಮಂಚಗಳಿಗೆ ಚೌಕಟ್ಟು ಬೆಸೆಯುತ್ತಾರೆ. ನಾನು ಅದೇ ಶೆಡ್ಡಿನ ಮೂಲೆಯಲ್ಲಿ ಕುಳಿತು ನಕ್ಷೆ ಬರೆಯುವವನು. ಅವರ ಹಳೆಯ ಯಂತ್ರ ಕೆಲಸವಿಲ್ಲದಾಗಲೂ ಗುಂಯ್‌ಗುಡುತ್ತ ಕರೆಂಟು ಕುಡಿಯುತ್ತಿತ್ತು. ನಿಮ್ಮ ಯೋಜನೆ ಹುಟ್ಟುವ ಮೊದಲೇ ಅದನ್ನು ಗುಜರಿಗೆ ಹಾಕಿ ಇನ್ವರ್ಟರ್ ಮಾದರಿಯ ಹೊಸ ವೆಲ್ಡಿಂಗ್ ಯಂತ್ರ ತಂದರು. ಕೆಲಸ ಅಷ್ಟೇ, ಕರೆಂಟು ಹೆಚ್ಚುಕಮ್ಮಿ ಅರ್ಧ. ಈಗ ಮಂಚದ ಕಾರ್ಖಾನೆಯವರು, ವರ್ಷ ಮುಗಿಯುವುದರೊಳಗೆ ನಿಮ್ಮ ಪ್ರಮಾಣಪತ್ರ ತೋರಿಸದ ಶೆಡ್ಡುಗಳಿಗೆ ಕೆಲಸವಿಲ್ಲ ಎಂದಿದ್ದಾರೆ. ಅಕ್ಕನಿಗಿರುವುದು ಅದೊಂದೇ ಗಿರಾಕಿ.

ನಿಮ್ಮ ಇನ್‌ಸ್ಪೆಕ್ಟರು ಬಂದರು. ಸಜ್ಜನರು. ಕಿಡಿ ಹಾರಿದಾಗಲೆಲ್ಲ ನಮ್ಮ ಮೇಲೆ ಗೌರವ ಬಂದವರಂತೆ ಎರಡು ಹೆಜ್ಜೆ ಹಿಂದೆ ಸರಿದರು.

"ಬಳಕೆ ಕಮ್ಮಿ ಆಗಿರೋದು ಎಲ್ಲಮ್ಮಾ? ಹೋದ ವರ್ಷಾನೂ ಇಷ್ಟೇ, ಈ ವರ್ಷಾನೂ ಇಷ್ಟೇ."

"ಅದಕ್ಕೂ ಮುಂಚೇನೇ ಕಮ್ಮಿ ಮಾಡ್ಬಿಟ್ವಲ್ಲ ಸಾರ್!" ಎಂದಳು ಅಕ್ಕ.

"ಅಲ್ಲೇ ಎಡವಿದ್ದು ನೀವು. ಒಂದಷ್ಟು ತಿಂಗಳು ಜಾಸ್ತಿ ಉರ್ಸಿ, ಆಮೇಲೆ ಇಳ್ಸಿ. ನಿಯಮ ಇರೋದೇ ಹಾಗೆ."

"ಅಂದ್ರೆ ತೆಳ್ಳಗಿರೋರಿಗೆ ಬಹುಮಾನ ಬೇಕಿದ್ರೆ ಮೊದ್ಲು ದಪ್ಪ ಆಗಿ ಬರ್ಬೇಕು ಅನ್ನಿ," ಎಂದರು ಭಾವ. ಇನ್‌ಸ್ಪೆಕ್ಟರು ಮನಸಾರೆ ನಕ್ಕರು. ವರದಿಯಲ್ಲಿ ಆ ನಗುವಿಗೆ ಜಾಗವಿರಲಿಲ್ಲ.

ಮಾನ್ಯರೇ, ತಡವಾಗಿ ಎಚ್ಚೆತ್ತವರಿಗೆ ಹಾರ, ಮೊದಲೇ ಎದ್ದವರಿಗೆ ಮತ್ತೆ ಮಲಗುವ ಆದೇಶ: ಇದನ್ನು ಯಾವ ಸಭೆಯಲ್ಲಿ, ಎಷ್ಟು ದೀಪಗಳ ಕೆಳಗೆ ಕುಳಿತು ತೀರ್ಮಾನಿಸಿದಿರಿ?

ಭಾವ ಗುಜರಿ ಅಂಗಡಿಗೆ ಹೋದರು. ಅಂಗಡಿಯವನು ನಮ್ಮ ಹಳೆಯ ಯಂತ್ರದ ಮೇಲೆಯೇ ಕುಳಿತಿದ್ದನಂತೆ. "ಏನಣ್ಣಾ, ಹೊರಗೆ ಹಾಕಿದ್ ಮುದುಕನ್ನ ಮತ್ತೆ ಕರ್ಕೊಂಡ್ ಹೋಗೋಕ್ ಬಂದ್ಯಾ?"

"ನಂಗೇನೂ ಬೇಕಿರ್ಲಿಲ್ಲಪ್ಪ, ಆಫೀಸಿನೋರು ಕೇಳಿದ್ರು," ಎಂದರಂತೆ ಭಾವ.

ಈಗ ಅಕ್ಕ ಹೊಸ ಯಂತ್ರದಲ್ಲಿ ಬೆಸೆಯುತ್ತಾಳೆ. ಹಳೆಯದು ಪಕ್ಕದಲ್ಲಿ, ಏನನ್ನೂ ಬೆಸೆಯದೆ, ಬೆಳಗಿನಿಂದ ಸಂಜೆವರೆಗೆ ಗುಂಯ್‌ಗುಡುತ್ತದೆ. "ಆಫ್ ಮಾಡೋಕೆ ಕೈ ತಾನಾಗೇ ಹೋಗತ್ತೆ ಕಣೋ," ಎಂದಳು ನಿನ್ನೆ. "ಹಿಡ್ಕೊಂಡು ವಾಪಸ್ ತರ್ತೀನಿ."

ಮೊದಲೇ ಉಳಿಸಿದವರ ಉಳಿತಾಯವೂ ಉಳಿತಾಯವೇ ಎಂದು ನಿಮ್ಮ ನಿಯಮಕ್ಕೆ ಒಂದು ಸಾಲು ಸೇರಿಸಿ, ಅಕ್ಕನ ಪ್ರಮಾಣಪತ್ರ ಕೊಡಿ. ಅಲ್ಲಿಯವರೆಗೆ ಕಾನೂನು ಪಾಲನೆಯಲ್ಲಿ ನಮ್ಮಿಂದ ಲೋಪವಾಗದು. ಮೀಟರು ಓಡುತ್ತಲೇ ಇದೆ.

ಇಂತಿ,
ತಮ್ಮ ಇಲಾಖೆಯ ಸಲಹೆಯಂತೆ ಶ್ರದ್ಧೆಯಿಂದ ಪೋಲು ಮಾಡುತ್ತಿರುವವಳ ತಮ್ಮ