ನಲವತ್ತೊಂದನೇ ನಂಬರಿನ ತಾಯಿ

ಜೂನ್ ೩, ಸೋಮವಾರ

ಮಧ್ಯಾಹ್ನದೊಳಗೆ ಹದಿನೇಳು ಮಕ್ಕಳ ತೂಕ, ಎತ್ತರ, ಸೊಂಟದ ಸುತ್ತಳತೆ. ಒಬ್ಬನ ಜೇಬಿನ ತುಂಬ ಗೋಲಿ. ತೆಗೆದಿಡು ಎಂದರೆ ಅಳು. ಇನ್ನೊಬ್ಬಳು ತೂಕದ ಯಂತ್ರದ ಮೇಲೆ ನಿಂತು, "ಉಸಿರು ಬಿಟ್ರೆ ಕಮ್ಮಿ ಆಗುತ್ತಾ ಸಿಸ್ಟರ್?" ಎಂದಳು. ಬಿಟ್ಟು ನೋಡು ಅಂದೆ. ಬಿಟ್ಟಳು. ಆಗಲಿಲ್ಲ. ಇಬ್ಬರಿಗೂ ಬೇಜಾರು.

ಈ ಅಧ್ಯಯನ ಶುರುವಾಗಿ ಎಂಟು ತಿಂಗಳು. ಇನ್ನೂರು ಮಕ್ಕಳು. ಬೊಜ್ಜಿಗೂ ಅಲರ್ಜಿಗೂ ಏನು ನಂಟು ಎಂಬುದು ಪ್ರಶ್ನೆ. ನಮ್ಮ ಪಟ್ಟಿಯಲ್ಲಂತೂ ಅಲರ್ಜಿ ಇದೆ ಎಂದು ಬರೆಸಿದ ಮಕ್ಕಳೇ ಹೆಚ್ಚು ದಪ್ಪ. ಯಾಕೆ? ಯಾವುದರಿಂದ ಯಾವುದು? ಡಾಕ್ಟರಮ್ಮನ ತಲೆ ತಿಂದೆ.

"ಎರಡೂ ಒಟ್ಟಿಗೆ ಕಂಡ್ವು ಅಂತ ಒಂದರಿಂದ ಇನ್ನೊಂದು ಬಂತು ಅನ್ನೋಕಾಗಲ್ಲ. ನೀವು ಅಳತೆ ಸರಿಯಾಗಿ ತಗೊಳ್ಳಿ ಸಿಸ್ಟರ್, ಅಷ್ಟು ಸಾಕು."

ಅಳತೆ ಸರಿಯಾಗೇ ಇದೆ. ತಲೆಯೊಳಗಿನ ಹುಳ ಸುಮ್ಮನಿರಬೇಕಲ್ಲ...

ಜೂನ್ ೫, ಬುಧವಾರ

ಊಟದ ಪುಸ್ತಕಗಳು ಬಂದವು. ಮಗು ಒಂದು ವಾರ ಏನು ತಿಂದಿತು, ಎಷ್ಟು ಆಡಿತು — ಮನೆಯವರು ಬರೆದದ್ದು. ಆಫೀಸಿನಲ್ಲಿ ಟೈಪ್ ಮಾಡಿ, ಹೆಸರು ತೆಗೆದು, ನಂಬರು ಮಾತ್ರ ಇಟ್ಟು ನನಗೆ ಕೊಡುತ್ತಾರೆ. ಅನುಮಾನ ಬಂದ ಕಡೆ ಕೆಂಪು ಗುರುತು ಹಾಕಿ ಆ ಮನೆಗೆ ಫೋನ್ ಮಾಡುವುದು ನನ್ನ ಕೆಲಸ.

ಎಂಥ ಪುಣ್ಯವಂತ ತಾಯಂದಿರು! ಯಾವ ಮಗುವೂ ಚಾಕಲೇಟ್ ಮುಟ್ಟಿಲ್ಲ. ಬರೀ ಸೊಪ್ಪು, ಹಣ್ಣು. ಸೊಪ್ಪು ತಿಂದೇ ಮೈ ಬಂತೇ?

ನಮ್ಮ ಪಿಟಿಪಿಟಿಯೂ ಈ ಇನ್ನೂರರಲ್ಲಿ ಒಬ್ಬಳು. ಎಂಟು ವರ್ಷದ ಮಗಳು; ಬಾಯಿ ತೆರೆದರೆ ಮುಚ್ಚುವುದಿಲ್ಲ, ಅದಕ್ಕೆ ಈ ಹೆಸರು. ನಾನು ಸಿಬ್ಬಂದಿಯಾದ್ದರಿಂದ ಅವಳನ್ನು ಅಳೆಯುವಂತಿಲ್ಲ, ಪುಸ್ತಕ ಬರೆಯುವಂತಿಲ್ಲ, ಅವಳ ನಂಬರೂ ನನಗೆ ಗೊತ್ತಿಲ್ಲ. ಬರೆದುಕೊಟ್ಟವರು ಇವರು, ಅವಳ ಅಪ್ಪ. ನೋಡೋಣ ಎಂದು ಕೇಳಿದರೆ ಇವರ ಬಾಯಿಗೆ ಬೀಗ.

ಜೂನ್ ೬, ಗುರುವಾರ

ನಂಬರ್ ೪೧. ಕೊನೆಗೂ ಸತ್ಯ ಬರೆದ ಒಂದು ಮನೆ.

ಹುಡುಗಿ, ಎಂಟು ವರ್ಷ. ಕಡಲೆಕಾಯಿ ಅಲರ್ಜಿ. ಎರಡು ವರ್ಷದವಳಿದ್ದಾಗ ಮೈಮೇಲೆ ದದ್ದು. ಪರೀಕ್ಷೆ: ಮಾಡಿಸಿಲ್ಲ. ದಿನಾ ಸಂಜೆ 'ಕಡಲೆಕಾಯಿ ಇಲ್ಲದ' ಬಿಸ್ಕತ್ತು ಒಂದು ಪ್ಯಾಕೆಟ್, ಅತ್ತರೆ ಎರಡು. ಹೊರಗೆ ಆಟ: ಇಲ್ಲ. ಕಾರಣ: 'ಬೇರೆ ಮಕ್ಕಳ ಕೈಯಲ್ಲಿ ಏನಿರುತ್ತೋ ಎಂದು ತಾಯಿಗೆ ಭಯ.'

ಆರು ವರ್ಷ! ಒಂದು ಪರೀಕ್ಷೆಯೂ ಇಲ್ಲದೆ! ನಮ್ಮವಳಿಗೂ ಕಡಲೆಕಾಯಿ ಆಗದು, ಆದರೆ ನಾನು ಇಷ್ಟು ಅತಿ ಮಾಡುವುದಿಲ್ಲ ಅಂದುಕೊಂಡೆ. ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಬರೆದೆ — 'ಮೊದಲು ತಾಯಿಗೆ ಬುದ್ಧಿ ಹೇಳಬೇಕು.'

ಕಂಪ್ಯೂಟರಿನಲ್ಲಿ ೪೧ ಒತ್ತಿದರೆ ಸಾಕು, ಕಾಲ್ ಅದೇ ಹೋಗುತ್ತದೆ. ಒತ್ತಿದೆ. ಅಲ್ಲಿ ರಿಂಗಾಯಿತು. ನನ್ನ ಬ್ಯಾಗಿನಲ್ಲೂ ರಿಂಗಾಯಿತು.

"ಸಿಸ್ಟರ್, ನಿಮ್ಮ ಫೋನು," ಎಂದಳು ಪಕ್ಕದ ಮೇಜಿನ ಟೈಪಿಸ್ಟ್.

"ಇರಮ್ಮ, ಆ ಮನೆಯೋರು ಎತ್ತಲಿ."

ಕಟ್ ಮಾಡಿದೆ. ಅದೂ ನಿಂತಿತು. ಇನ್ನೊಮ್ಮೆ ಒತ್ತಿದೆ. ಬ್ಯಾಗಿನಲ್ಲಿ ಮತ್ತೆ ರಿಂಗಾಯಿತು...

ಎಷ್ಟು ಪೆಚ್ಚಾದೆ ಎಂದರೆ, ಆ ಕೆಂಪು ಸಾಲಿನ ಮೇಲೆ ಕೈ ಮುಚ್ಚಿಕೊಂಡು ಕೂತೆ.

ಸಂಜೆ, ಮನೆಯಲ್ಲಿ

"ಹಾಗೆಲ್ಲಾ ಬರೆಯೋದಾ?" ಎಂದು ಇವರ ಮೇಲೆ ಹರಿಹಾಯ್ದೆ.

"ನಿಜ ಬರೀರಿ ಅಂತ ಪುಸ್ತಕದ ಮೇಲೇ ಇತ್ತು."

"ನನಗೆ ಹೇಳಬಾರದಿತ್ತಾ?"

"ಆರು ವರ್ಷದಿಂದ ಹೇಳ್ತಾನೇ ಇದೀನಿ ಮಾರಾಯ್ತಿ. ನಂಬರ್ ಹಾಕಿ ಕೊಟ್ಟ ಮೇಲೆ ನಿನ್ನ ಕಿವಿಗೆ ಬಿತ್ತು."

ಜೂನ್ ೧೪, ಶುಕ್ರವಾರ

ಎಂಟು ದಿನ ಬರೆಯಲಿಲ್ಲ. ಕೋಪ ಇವರ ಮೇಲೆ ಎಂದುಕೊಂಡಿದ್ದೆ. ಅಲ್ಲ.

ಅತ್ತೆಗೆ ಫೋನ್ ಮಾಡಿದೆ. ದದ್ದು ಎದ್ದ ದಿನ ಏನಾಗಿತ್ತು ಎಂದು ಕೇಳಿದೆ. "ಮಗೂಗೆ ಹಿಂದಿನ ದಿನದಿಂದಲೇ ಜ್ವರ ಇತ್ತಲ್ಲೇ. ದದ್ದು ಆಮೇಲೆ ಎದ್ದಿದ್ದು. ನೀನು ಕಡಲೆಕಾಯಿ ಅಂದೆ, ನಾವೂ ಸುಮ್ಮನಾದ್ವಿ."

ಜ್ವರ ನನಗೆ ನೆನಪೇ ಇಲ್ಲ. ಹಾಗಾದರೆ ಜ್ವರದ ದದ್ದೋ, ಕಡಲೆಕಾಯಿಯದೋ? ತಿಳಿಯಬೇಕು. ಭಯವಾಗುತ್ತಿದೆ. ಆದರೂ ತಿಳಿಯಬೇಕು.

ಡಾಕ್ಟರಮ್ಮನಿಗೆ ಎಲ್ಲ ಹೇಳಿದೆ. ನಗಲಿಲ್ಲ, ಅದೇ ದೊಡ್ಡದು. "ಮನೇಲಿ ತಿನ್ನಿಸಿ ನೋಡೋ ಸಾಹಸ ಮಾತ್ರ ಬೇಡ," ಅಂದರು.

ಜೂನ್ ೨೮, ಶುಕ್ರವಾರ

ಆಗಾಗ ಕೊಡುತ್ತಿದ್ದ ಅಲರ್ಜಿ ಸಿರಪ್ ನಿಲ್ಲಿಸಿ ಹತ್ತು ದಿನ; ಅದು ಮೈಯಲ್ಲಿದ್ದರೆ ಪರೀಕ್ಷೆ ಸರಿ ಬರದು. ಇವತ್ತು ಚರ್ಮದ ಪರೀಕ್ಷೆ. ಮುಂಗೈ ಮೇಲೆ ಒಂದು ಹನಿ, ಸಣ್ಣ ಚುಚ್ಚು, ಕಾಲು ಗಂಟೆ ಕಾಯುವುದು. ಉಬ್ಬು ಎದ್ದಿತು. ಪಿಟಿಪಿಟಿ ತಾನೇ ಸ್ಕೇಲ್ ಇಟ್ಟಳು.

"ಎರಡು ಮಿಲಿಮೀಟರ್! ಇದು ಪಾಸಾ, ಫೇಲಾ?"

ಮೂರಕ್ಕಿಂತ ಕಡಿಮೆ, ಒಳ್ಳೆಯ ಸೂಚನೆ, ಆದರೆ ಇಷ್ಟರಲ್ಲೇ ತೀರ್ಮಾನಿಸಬಾರದು ಎಂದರು ಡಾಕ್ಟರಮ್ಮ. ಆಸ್ಪತ್ರೆಯಲ್ಲೇ ಸ್ವಲ್ಪ ಸ್ವಲ್ಪ ತಿನ್ನಿಸಿ ನೋಡಬೇಕಂತೆ. ಏನಾದರೂ ಆದರೆ ಕೊಡುವ ಇಂಜೆಕ್ಷನ್ ಪಕ್ಕದಲ್ಲೇ ಇಟ್ಟುಕೊಂಡು.

ಜುಲೈ ೯, ಮಂಗಳವಾರ. ೧೦.೪೦

ವಾರ್ಡಿನಲ್ಲಿ. ಎಷ್ಟು ಮಕ್ಕಳಿಗೆ ಇದೇ ಮಂಚದ ಪಕ್ಕ ನಿಂತು "ಏನೂ ಆಗಲ್ಲ" ಅಂದಿದ್ದೇನೆ. ಇವತ್ತು ಆ ಮಾತು ಬಾಯಿಗೆ ಬರುತ್ತಿಲ್ಲ. ಎರಡನೇ ಸಲದ್ದು ಆಯಿತು, ಕಾಲು ಚಮಚ ಕಡಲೆಕಾಯಿ ಪುಡಿ. ಕೆಮ್ಮಿದಳು. ಗಲ್ಲ ಹಿಡಿದೆತ್ತಿದೆ. ನೋಡಿದರೆ ಬಾಯಲ್ಲಿ ಇಟ್ಟುಕೊಂಡೇ ಮಾತಾಡುತ್ತಿದ್ದಾಳೆ!

೧೨.೫೦

ಕೊನೆಯದೂ ಆಯಿತು. ಒಂದು ಹಿಡಿ. ಇನ್ನು ಎರಡು ಗಂಟೆ ಕಾಯಬೇಕು. ಐದು ನಿಮಿಷಕ್ಕೊಮ್ಮೆ ಅಂಗಿ ಎತ್ತಿ ಬೆನ್ನು ನೋಡುತ್ತೇನೆ. "ಕಚಗುಳಿ ಆಗುತ್ತೆ, ಬಿಡಮ್ಮ."

೨.೫೫

ಏನೂ ಇಲ್ಲ. ಒಂದು ಚುಕ್ಕೆಯೂ ಇಲ್ಲ. ಡಾಕ್ಟರಮ್ಮ ಫೈಲಿನಲ್ಲಿ 'ಅಲರ್ಜಿ ಇಲ್ಲ' ಎಂದು ಬರೆದು ಹೋದರು. ಇವರು ಹೊರಗೆ ಹೋಗಿ ಮುಖ ತೊಳೆದು ಬಂದರು. ನನಗೆ ಕುಣಿಯಬೇಕೆನ್ನಿಸಿತು.

ಪಿಟಿಪಿಟಿ ಮಂಚದಿಂದ ಕೆಳಗಿಳಿದಳು. ಆಮೇಲೆ ಕೇಳಿದಳು —

"ಹಾಗಾದ್ರೆ ಸ್ಕೂಲಲ್ಲಿ ನನ್ನೊಬ್ಬಳನ್ನೇ ಬಾಗಿಲ ಹತ್ರ ಕೂರಿಸಿ ಊಟ ಮಾಡಿಸೋದ್ಯಾಕೆ? ಮಿಸ್‌ಗೆ ನನ್ನ ಕಂಡ್ರೆ ಆಗಲ್ಲ ಅಂದ್ಕೊಂಡಿದ್ದೆ ನಾನು."

ಒಂದನೇ ಕ್ಲಾಸಿನ ಮೊದಲ ದಿನ ಮಿಸ್ ಕೈಗೆ ಪತ್ರ ಕೊಟ್ಟು ಬಂದವಳು ನಾನು. 'ದಯವಿಟ್ಟು ಬೇರೆ ಮಕ್ಕಳ ಜೊತೆ ಕೂರಿಸಬೇಡಿ.' ಅವಳಿಗೆ ಒಂದು ಮಾತು ಹೇಳಿರಲಿಲ್ಲ. ಮೂರು ವರ್ಷ.

ಉತ್ತರಕ್ಕೆ ಕಾಯುತ್ತಿದ್ದಾಳೆ. ನಾನು ಇಲ್ಲಿ ಬರೆಯುತ್ತ ಕೂತಿದ್ದೇನೆ. ಹೇಳಬೇಕು. ಈಗಲೇ. ಪುಟ್ಟಾ, ಅದು ಮಿಸ್ ಅಲ್ಲ ಕಣೇ, ಅದು —