ಆಚೆ ದಡದವರ ನಗು

ಮೇನ್ ರಾಜ್ಯ, ನದಿಯ ಈಚೆ ದಡ
೨೭ ಏಪ್ರಿಲ್ ೨೦೨೫, ಭಾನುವಾರ

ಪ್ರಿಯ ಡಂಕನ್,

ಹೇಗಿದ್ದೀಯ? ಇಸಬೆಲ್‌ಳ ಮಂಡಿನೋವು ಹೇಗಿದೆ? ಈ ಕಾಗದ ಆರು ವಾರ ತಡವಾಗಿದೆ, ಬೈಯಬೇಡ. ನಾನು ಕೂತಲ್ಲಿಂದ ಸೇತುವೆಯ ಆಚೆ ನಿನ್ನ ಫೈರ್ ಸ್ಟೇಷನ್ನಿನ ಕೆಂಪು ಬಾಗಿಲು ಕಾಣುತ್ತದೆ. ಕೂಗಿದರೆ ಕೇಳುವಷ್ಟು ಹತ್ತಿರದವನಿಗೆ ಅಂಚೆಯಲ್ಲಿ ಕಾಗದ ಹಾಕುತ್ತಿದ್ದೀಯಲ್ಲ ಅಂತ ನಮ್ಮ ಮನೆಯಾಕೆ ವರ್ನಾ ನಗುತ್ತಿದ್ದಾಳೆ. ನಗಲಿ. ಫೋನ್ ಮಾಡಿದರೆ ನೀನು ಮೊದಲ ಮಾತಿಗೇ ‘ಪರವಾಗಿಲ್ಲ ಬಿಡು’ ಅಂದುಬಿಡುತ್ತೀಯ. ನಿಮ್ಮವರ ಆ ‘ಪರವಾಗಿಲ್ಲ’ವನ್ನು ನಂಬಿ ನಾನು ಬೇಕಾದಷ್ಟು ಕೆಟ್ಟಿದ್ದೇನೆ. ಕಾಗದದಲ್ಲಾದರೆ ನಾನು ಮುಗಿಸುವ ತನಕ ನೀನು ಬಾಯಿ ಹಾಕುವ ಹಾಗಿಲ್ಲ.

ಇಲ್ಲಿ ಎಲ್ಲ ನಡೆದಿದೆ. ನದಿಯ ಮಂಜುಗಡ್ಡೆ ಕರಗಿ ಹೋಯಿತು, ಈ ವರ್ಷ ಸೇತುವೆಯ ಕಂಬಕ್ಕೆ ಪೆಟ್ಟು ಬೀಳಲಿಲ್ಲ. ನಿನ್ನ ತಂಗಿ ಫ್ಲೋರಾ ನಮ್ಮ ಹಿಂದಿನ ಕೋಣೆಯಲ್ಲಿ ಆರಾಮಾಗಿದ್ದಾಳೆ. ನೀನು ಕರೆದರೂ ಆಕೆ ಯಾಕೆ ಆಚೆ ಬರಲಿಲ್ಲ ಅಂತ ಬೇಜಾರು ಮಾಡಿಕೊಳ್ಳಬೇಡ. ಗಂಡನನ್ನು ಹೂತ ಊರು ಬಿಟ್ಟು ಬರಲ್ಲ ಅನ್ನುತ್ತಾಳೆ. ಬೆಳಿಗ್ಗೆ ನನಗಿಂತ ಮೊದಲೇ ಎದ್ದು ಕಾಫಿ ಮಾಡಿಟ್ಟಿರುತ್ತಾಳೆ. ಕಪ್ಪು ಕೈಗೆ ಕೊಡುವಾಗ ದಿನವೂ ಥ್ಯಾಂಕ್ಸ್ ಹೇಳುತ್ತಾಳೆ. ಕಾಫಿ ಕೊಡುವವಳೂ ಅವಳೇ, ಥ್ಯಾಂಕ್ಸ್ ಹೇಳುವವಳೂ ಅವಳೇ. ನಲವತ್ತು ವರ್ಷ ನಮ್ಮೂರಲ್ಲಿದ್ದರೂ ನಿಮ್ಮ ಕಡೆಯ ಆ ಗುಣ ಅವಳನ್ನು ಬಿಟ್ಟಿಲ್ಲ.

ಜನವರಿಯ ಬೀನ್ಸ್ ಊಟದ ವಿಷಯಕ್ಕೆ ಬರುತ್ತೇನೆ. ನಡುವಿನ ನದಿ ಎರಡು ದೇಶಗಳ ಗಡಿಯಾದರೂ ಎರಡೂ ಊರಿನ ಬೆಂಕಿ ಪಡೆಯವರು ವರ್ಷಕ್ಕೊಮ್ಮೆ ಒಟ್ಟಿಗೆ ಉಣ್ಣುವುದು, ಊಟ ಹಾಕಿದ ಪಡೆಯ ಮುಖ್ಯಸ್ಥ ಎದ್ದು ನಿಂತು ಅತಿಥಿಗಳ ಕಾಲೆಳೆಯುವುದು ನಮ್ಮಿಬ್ಬರಿಗಿಂತ ಹಳೆಯ ಪದ್ಧತಿ. ನೀವು ಹಾಲನ್ನು ಚೀಲದಲ್ಲಿ ಮಾರುವುದನ್ನು, ಕಂಬಕ್ಕೆ ಢಿಕ್ಕಿ ಹೊಡೆದರೆ ಕಂಬಕ್ಕೇ ಸಾರಿ ಕೇಳುವುದನ್ನು ನಾನು ಎಷ್ಟು ಸಲ ಆಡಿಕೊಂಡಿಲ್ಲ! ನೀನೂ ನಮ್ಮ ಕಾಫಿಯನ್ನು ಪಾತ್ರೆ ತೊಳೆದ ನೀರು ಅಂತ ಹೀಯಾಳಿಸಿದವನೇ. ಈ ಸಲ ನಾನು ಬಾಯಲ್ಲಿ ಹೇಳಿದ್ದಷ್ಟೇ ಸಾಲದು ಅಂತ, ನೀವು ಉಣ್ಣುತ್ತಿದ್ದಾಗ ಹೊರಗೆ ಹೋಗಿ ನಿಮ್ಮ ಫೈರ್ ಎಂಜಿನ್ನಿನ ಹಿಂಭಾಗಕ್ಕೆ ದೊಡ್ಡ ಹಾಳೆ ಅಂಟಿಸಿದೆ. ‘ನಮ್ಮ ಐವತ್ತೊಂದನೇ ರಾಜ್ಯದ ಬೆಂಕಿ ಪಡೆ.’ ಆ ದಿನಗಳಲ್ಲಿ ರಾಜಧಾನಿಯಿಂದ ಹಿಡಿದು ಕ್ಷೌರದ ಅಂಗಡಿಯ ತನಕ ಎಲ್ಲರ ಬಾಯಲ್ಲೂ ಅದೇ ತಮಾಷೆ, ನಿಮ್ಮ ದೇಶವನ್ನೇ ನಮ್ಮ ಇನ್ನೊಂದು ರಾಜ್ಯ ಮಾಡಿಕೊಳ್ಳೋಣ ಅಂತ. ನೀವು ಅದನ್ನು ಬೆನ್ನಿಗೆ ಕಟ್ಟಿಕೊಂಡು ಸೇತುವೆ ದಾಟಿದಿರಿ. ನಿಮ್ಮ ಪೇಟೆ ಬೀದಿಯ ಉದ್ದಕ್ಕೂ ನಿಮ್ಮ ಜನ ಅದನ್ನು ಓದಿದರು.

ಮರುದಿನ ನೀನು ಫೋನ್ ಮಾಡಿದೆ. “ಬೀನ್ಸ್ ಚೆನ್ನಾಗಿತ್ತು ಹಾರ್ಲನ್, ಥ್ಯಾಂಕ್ಸ್. ಆ ಹಾಳೆ ನೋಡಿದ್ವಿ,” ಅಂದು ಸಣ್ಣಗೆ ನಕ್ಕೆ. ನಾನು ಫೋನಿಟ್ಟು ಊರೆಲ್ಲ ಹೇಳಿಕೊಂಡು ಬಂದೆ, “ನೋಡ್ರೋ, ಡಂಕನ್ ನಕ್ಬಿಟ್ಟ! ಇವರ ಹತ್ರ ಏನು ಬೇಕಾದ್ರೂ ಆಡ್ಬಹುದು!”

ಫೆಬ್ರವರಿಯಿಂದ ನಿಮ್ಮ ಕಡೆಯ ಕಾರುಗಳು ಬರುವುದು ನಿಂತಿತು. ಗುರುವಾರದ ಇಸ್ಪೀಟಿಗೆ ನೀನೂ ಬರಲಿಲ್ಲ. ಹೋಟೆಲಿನ ಲುರೀನ್ ಮೂರು ವಾರ ನಿನ್ನ ಕುರ್ಚಿ ಖಾಲಿ ಇಟ್ಟು, ಆಮೇಲೆ ಎತ್ತಿ ಗೋಡೆಗೆ ಒರಗಿಸಿದಳು. “ನಾವೇನಪ್ಪಾ ಮಾಡಿದ್ವಿ ಇವರಿಗೆ? ಯಾರೋ ದೊಡ್ಡವರು ಏನೋ ಅಂದ್ರೆ ನಮ್ಮ ಮೇಲೆ ಯಾಕೆ ಮುನಿಸು?” ಅಂದಳು. “ಬರ್ತಾರೆ ಬಿಡೇ, ಎಲ್ಲಿಗೆ ಹೋಗ್ತಾರೆ,” ಅಂದೆ ನಾನು. ಡಂಕನ್, ನಮಗೆ ನಿಮ್ಮ ಮೇಲೆ ಇದ್ದದ್ದು ಇಂಥ ಪ್ರೀತಿ. ಹಿತ್ತಲ ಬಾಗಿಲ ಹಾಗೆ ನೀವು ಯಾವಾಗಲೂ ಇದ್ದೇ ಇರುತ್ತೀರಿ ಅನ್ನುವ ಪ್ರೀತಿ. ನಿಮ್ಮನ್ನು ಕಂಡರಾಗದು ಅನ್ನುವವನನ್ನು ಈ ಊರಲ್ಲಿ ನಾನು ಕಂಡಿಲ್ಲ. ನಿಮ್ಮ ಬಗ್ಗೆ ಹತ್ತು ನಿಮಿಷ ಯೋಚನೆ ಮಾಡಿದವನನ್ನೂ ಕಂಡಿಲ್ಲ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ವರ್ನಾ ಕೆಣಕಿದಳು.

“ಅಷ್ಟೊಂದು ಇಷ್ಟ ಅಂತೀಯಲ್ಲ, ಆಚೆ ದಡದವರ ರಾಜ್ಯದ ರಾಜಧಾನಿ ಯಾವುದು, ಹೇಳು ನೋಡೋಣ.”

“ಸೇಂಟ್ ಜಾನ್,” ಅಂದೆ.

“ಫ್ರೆಡ್ರಿಕ್ಟನ್! ಹುಟ್ಟಿದಾಗಿಂದ ಆ ದಡ ನೋಡ್ತಾ ಬಿದ್ದಿದೀಯ. ಡಂಕನ್‌ಗೆ ನಮ್ಮ ಜಿಲ್ಲೆ ಜಡ್ಜ್ ಹೆಸರೂ ಗೊತ್ತು, ಅವನ ನಾಯಿ ಹೆಸರೂ ಗೊತ್ತು.”

“ಅದಕ್ಕೂ ಇದಕ್ಕೂ ಏನೇ ಸಂಬಂಧ? ಅವನು ನಕ್ಕ ಅಂತ ಹೇಳಿದೆನಲ್ಲ.”

“ಅಯ್ಯೋ ಪೆದ್ದಾ, ಅವರು ನಕ್ರೆ ಖುಷಿಯಾಗಿದಾರೆ ಅಂತಲ್ಲ. ನಿನ್ನ ಮಾನ ಹೋಗಬಾರದು ಅಂತ ನಗ್ತಾರೆ.”

ನನಗೆ ಸಿಟ್ಟು ಬಂತು. ಸರಿಯಾದ ಮಾತು ಕೇಳಿದಾಗ ನನಗೆ ಬರುವುದು ಅದೊಂದೇ. ಆಗಲೇ ನಾನು ಸೇತುವೆ ದಾಟಿ ಬಂದು ನಿನ್ನ ಬಾಗಿಲು ತಟ್ಟಬೇಕಿತ್ತು. ಅವನೇ ಬರಲಿ ಅಂತ ಬಿಗಿದುಕೊಂಡು ಕೂತೆ.

ಆಮೇಲೆ ಮಾರ್ಚ್ ಹದಿನಾರರ ಭಾನುವಾರ. ಮಧ್ಯಾಹ್ನ ಎರಡು ಗಂಟೆ. ಫ್ಲೋರಾ ಚರ್ಚಿನ ಊಟಕ್ಕೆ ಹೋಗಿದ್ದಳು, ದೇವರು ದೊಡ್ಡವನು. ಅವಳ ಮನೆಯ ಚಿಮಣಿಯಿಂದ ಹತ್ತಿಕೊಂಡ ಬೆಂಕಿ ನಾವು ಹೋಗುವಷ್ಟರಲ್ಲಿ ಮಾಳಿಗೆ ಹಿಡಿದಿತ್ತು, ಜೊತೆಗೆ ಹಾಳು ಗಾಳಿ. ನಮ್ಮದು ಒಂದೇ ಎಂಜಿನ್, ಏಳು ಜನ. ನೀವು ಬಂದಾಗ ಇಪ್ಪತ್ತು ನಿಮಿಷದ ಮೇಲಾಗಿತ್ತು. ಮನೆ ಉಳಿಯಲಿಲ್ಲ. ಅಕ್ಕಪಕ್ಕದ ಎರಡು ಮನೆ ಉಳಿದದ್ದು ನಿಮ್ಮಿಂದ. ನಿಮ್ಮಮ್ಮನ ಪಿಯಾನೋ, ನೀವು ಅಣ್ಣತಂಗಿ ಚಿಕ್ಕವರಿದ್ದಾಗಿನ ಫೋಟೊಗಳು, ಎಲ್ಲ ಹೋಯಿತು. ಫ್ಲೋರಾ ಓಡಿ ಬಂದಾಗ ಅವಳನ್ನು ಹಿಡಿದುಕೊಂಡಿದ್ದು ನೀನು. ನಾನು ಪೈಪು ಹಿಡಿದುಕೊಂಡಿದ್ದೆ, ಆಗ ಹಿಡಿಯುವ ಅಗತ್ಯವೇನೂ ಇರಲಿಲ್ಲ.

ಆಮೇಲೆ ನೀನು ನನ್ನ ಹತ್ತಿರ ಬಂದು ಕೇಳಿದೆ, “ನಮ್ಮನ್ನ ಯಾವಾಗ ಕರ್ದೆ ಹಾರ್ಲನ್? ನಮಗೆ ಏನೂ ಕೇಳಿಸ್ಲಿಲ್ಲ. ವೈರ್‌ಲೆಸ್ ಮುಂದೆ ಕೂತಿದ್ದ ಲಾಯ್ಡೇ ಹೊಗೆ ನೋಡಿ ಹೇಳಿದ್ದಕ್ಕೆ ಹೊರಟ್ವಿ.”

“ಆಗ್ಲೇ ಕರ್ದೆ. ವೈರ್‌ಲೆಸ್ ಹಿಡೀಲಿಲ್ಲ ಅನ್ಸತ್ತೆ,” ಅಂದೆ.

“ಸಾರಿ,” ಅಂದೆ ನೀನು. “ಇನ್ನೂ ಬೇಗ ಬರ್ಬೇಕಿತ್ತು.”

ನಿನ್ನ ತಂಗಿಯ ಮನೆ ಉರಿದು ಬಿದ್ದ ಜಾಗದಲ್ಲಿ ನಿಂತು, ಡಂಕನ್, ನೀನು ನನ್ನ ಹತ್ತಿರ ಕ್ಷಮೆ ಕೇಳಿದೆ. 

ಆ ಹಾಳೆಯ ವಿಷಯಕ್ಕೆ ನನ್ನಿಂದ ತಪ್ಪಾಯಿತು. ತಮಾಷೆಗೆ ಅಂತ ನಾನು ಜಾರಿಕೊಳ್ಳುವುದಿಲ್ಲ. ನಿಮ್ಮದೂ ಒಂದು ದೇಶ, ಅದರ ಮೇಲೆ ನಿಮಗೂ ನಮ್ಮಷ್ಟೇ ಅಭಿಮಾನ ಇದ್ದೀತು ಅಂತ ನನಗೆ ಹೊಳೆಯಲೇ ಇಲ್ಲ. ಹೊಳೆಯದೆ ಇದ್ದದ್ದೇ ನನ್ನ ತಪ್ಪು. ನಿನ್ನ ಪಡೆಯವರ ಮುಂದೆ ಬಂದು ಹೇಳು ಅಂದರೆ ಬಂದು ಹೇಳುತ್ತೇನೆ.

ಇಸಬೆಲ್‌ಗೆ ನನ್ನ ನಮಸ್ಕಾರ ಹೇಳು, ಆಕೆಯ ಮಂಡಿ ಬೇಗ ವಾಸಿಯಾಗಲಿ. ಜೂನ್‌ನಲ್ಲಿ ನಿಮ್ಮ ಮೊಮ್ಮಗಳ ಮದುವೆ ಅಂತ ಫ್ಲೋರಾ ಹೇಳಿದಳು. ನಮ್ಮನ್ನು ಕರೆದರೂ ಸರಿ, ಕರೆಯದಿದ್ದರೂ ಸರಿ, ಆ ಹುಡುಗಿಗೆ ನಮ್ಮಿಬ್ಬರ ಆಶೀರ್ವಾದ ಇದೆ. ದೇವರು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ಇಂತು ನಿನ್ನ ಹಳೆಯ ಗೆಳೆಯ,
ಹಾರ್ಲನ್

ತಾ. ಕ.: ಲಕೋಟೆ ಅಂಟಿಸಿದ್ದೆ, ಸೋಮವಾರ ಬೆಳಗಿನ ಜಾವ ಎದ್ದು ಮತ್ತೆ ಕಿತ್ತಿದ್ದೇನೆ. ನಿನ್ನೆ ರಾತ್ರಿ ನಿನ್ನ ಜೊತೆ ಫೋನಿನಲ್ಲಿ ಮಾತಾಡಿದ ಮೇಲೆ ಫ್ಲೋರಾ ಒಂದು ವಿಷಯ ಹೇಳಿದಳು. ನನ್ನ ಕರೆ ಕೇಳಿಸಿಕೊಳ್ಳಲಿಲ್ಲ ಅಂತ ಲಾಯ್ಡ್‌ನನ್ನು ವೈರ್‌ಲೆಸ್ ಮೇಜಿನಿಂದ ಎಬ್ಬಿಸಿದ್ದೀಯಂತೆ. ಇಪ್ಪತ್ತಾರು ವರ್ಷ ಅಲ್ಲಿ ಕೂತ ಮನುಷ್ಯ, ‘ನನಗೆ ಕಿವಿ ಮಂದವಾಯ್ತು ಕಣಪ್ಪ’ ಅಂತ ಅತ್ತನಂತೆ.

ಲಾಯ್ಡ್‌ನ ಕಿವಿ ಸರಿಯಾಗಿದೆ. ನಮ್ಮ ವೈರ್‌ಲೆಸ್ಸೂ ಸರಿಯಾಗಿತ್ತು. ನಾನು ಕರೆಯಲಿಲ್ಲ.

ವೈರ್‌ಲೆಸ್ಸಿನಲ್ಲಿ ‘ಸೇತುವೆ’ ಅಂತ ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದನ್ನು ಕೇಳಿದ ಮೇಲೆ ಎರಡೂ ಕಡೆಯ ಗಡಿ ಕಾವಲಿನವರು ಗೇಟು ಎತ್ತುತ್ತಾರೆ, ಯಾರೂ ಕಾಗದಪತ್ರ ಕೇಳುವುದಿಲ್ಲ. ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡು ನಿಂತಿದ್ದೆ. ನಾನು ಕರೆದು, ನೀವು ಬಾರದೆ ಹೋದರೆ? ನನ್ನ ಏಳು ಜನರ ಎದುರಿಗೆ ನಿಮ್ಮಿಂದ ಇಲ್ಲ ಅನ್ನಿಸಿಕೊಂಡರೆ? ನೀವು ಇಲ್ಲ ಅನ್ನಬಹುದು ಅಂತ ನನಗೆ ಅನ್ನಿಸಿದ್ದು ಜೀವನದಲ್ಲಿ ಅದೇ ಮೊದಲು. ಅದಕ್ಕೆ ನಾವೇ ಆರಿಸೋಣ ಅಂತ ಹೆಬ್ಬೆರಳು ತೆಗೆದೆ. ನಿನ್ನ ತಂಗಿಯ ಮನೆ ಅಂತ ಗೊತ್ತಿದ್ದೂ ತೆಗೆದೆ. ನೀವು ಕರೆಯದೆಯೇ ಬಂದಿರಿ.

ಇದನ್ನು ಮೊದಲು ಲಾಯ್ಡ್‌ಗೆ ಓದಿ ಹೇಳು, ಅವನ ಕುರ್ಚಿ ಅವನಿಗೆ ಕೊಡು. ಈ ಸಲ ನೀನು ಪರವಾಗಿಲ್ಲ ಅನ್ನಬೇಡ. ಫ್ಲೋರಾಗೆ ನಾನೇ ಹೇಳಬೇಕು. ಅಡುಗೆಮನೆಯಲ್ಲಿ ಕಪ್ಪಿನ ಸದ್ದು ಕೇಳುತ್ತಿದೆ, ಆಕೆ ಎದ್ದಿದ್ದಾಳೆ. ಅವಳು ಥ್ಯಾಂಕ್ಸ್ ಹೇಳುವ ಮೊದಲೇ ನಾನು ಹೋಗಿ ಹೇಳಬೇಕು.